ಗಾಡಿ ಹಚ್ಚುವ ಮಾತು

ನಮ್ಮ ಊರಿನ ಹೆಸರು ಹೇಳುವುದಿಲ್ಲ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ, ಈ ಮೂರರ ನಡುವೆಯೇ ನನ್ನ ಹುಟ್ಟು, ಮದುವೆ, ವ್ಯಾಪಾರ ಎಲ್ಲ ನಡೆದದ್ದು. ಇದು ಯಾವ ಊರಿನ ಕಥೆ ಎಂದರೆ ಮೂರೂ ಊರಿನವರು ನಮ್ಮದಲ್ಲ ಎಂದು ಕೈ ತೊಳೆದುಕೊಳ್ಳುತ್ತಾರೆ. ತೊಳೆದುಕೊಳ್ಳಲಿ. ಪೇಟೆಯ ನಟ್ಟನಡುವೆ ನಮ್ಮದೊಂದು ಜವಳಿ ಅಂಗಡಿ ಇದೆ. ಗಂಡ ತೀರಿಕೊಂಡ ಮೇಲೆ ಗಾದಿಯ ಮೇಲೆ ನಾನೇ ಕುಳಿತೆ. ಪಕ್ಕದ ದೊಡ್ಡ ಅಂಗಡಿ ನನ್ನ ಭಾವನದು, ಅಂದರೆ ಗಂಡನ ಅಣ್ಣನದು. ಮನೆಗಳೂ ಅಕ್ಕಪಕ್ಕ, ಗೇಟು ಒಂದೇ. ಭಾವ ವ್ಯಾಪಾರಸ್ಥರ ಸಂಘದ ಅಧ್ಯಕ್ಷರು. ಅವರ ಎದುರಿಗೆ ನಾನು ಕುರ್ಚಿಯ ಮೇಲೆ ಕುಳಿತವಳಲ್ಲ, ತಲೆಯ ಮೇಲಿನ ಸೆರಗು ಜಾರಲು ಬಿಟ್ಟವಳಲ್ಲ. ನಮ್ಮ ಮನೆತನದಲ್ಲಿ ಹಾಗೆ ನಡೆದು ಬಂದಿದೆ.

ನಮ್ಮ ಕಡೆ ಗಾಡಿಯನ್ನು ಯಾರೂ ನಿಲ್ಲಿಸುವುದಿಲ್ಲ, ಹಚ್ಚುತ್ತಾರೆ. ಒಲೆ ಹಚ್ಚುತ್ತೇವೆ, ದೀಪ ಹಚ್ಚುತ್ತೇವೆ, ಮದುಮಗಳಿಗೆ ಅರಿಶಿನ ಹಚ್ಚುತ್ತೇವೆ. ಮಗುವಿಗೆ ವಯಸ್ಸಾದರೆ ಸಾಲೆಗೆ ಹಚ್ಚುತ್ತೇವೆ. ಬೀಗರಿಗೆ ಫೋನ್ ಹಚ್ಚುತ್ತೇವೆ, ಬೇಜಾರಾದರೆ ಟಿವಿ ಹಚ್ಚಿಕೊಂಡು ಕೂಡುತ್ತೇವೆ. ಹಾಗೆಯೇ ಗಾಡಿಯನ್ನು ಗೋಡೆಗೆ ಹಚ್ಚುತ್ತೇವೆ, ನೆರಳಿಗೆ ಹಚ್ಚುತ್ತೇವೆ. ತೊಟ್ಟಿಲ ಕೂಸಿಗೂ ಗೊತ್ತಿರುವ ಈ ಮಾತನ್ನು ಬಿಡಿಸಿ ಹೇಳುವ ಕರ್ಮ ನನಗೆ ಬರುತ್ತದೆಂದು ಯಾವತ್ತೂ ಅಂದುಕೊಂಡಿರಲಿಲ್ಲ.

ಪೇಟೆಯಲ್ಲಿ ಗಾಡಿ ಹಚ್ಚಲು ಜಾಗವಿಲ್ಲ ಎಂಬ ಕೂಗು ಹಳೆಯದು. ಮದುವೆಯ ಸುಗ್ಗಿಯಲ್ಲಿ ಕರ್ಜಗಿ ಕಡೆಯ ಮಂದಿ ಜವಳಿಗೆ ಬಂದರೆ ಬೈಕು ಎಲ್ಲಿ ಬಿಡಬೇಕು ಎಂದು ಮೂರು ಸುತ್ತು ಹೊಡೆದು, ಸಿಟ್ಟು ಬಂದು, ರಾಣೆಬೆನ್ನೂರಿಗೋ ಹಾವೇರಿಗೋ ಹೋಗುತ್ತಾರೆ ಎಂದು ಎಲ್ಲ ಅಂಗಡಿಯವರದೂ ಒಂದೇ ರಾಗ. ಖರೇ ಹೇಳಬೇಕೆಂದರೆ ಆ ಜಾಗ ತಿಂದವರು ನಾವೇ. ಭಾವನ ಕಾರು, ಅವರ ಮಕ್ಕಳ ಬೈಕುಗಳು ಬೆಳಿಗ್ಗೆ ಅಂಗಡಿಯ ಮುಂದೆ ಬಂದು ನಿಂತರೆ ಬಾಗಿಲು ಹಾಕುವ ತನಕ ಅಲುಗುವುದಿಲ್ಲ. ಅವರ ಶಟರಿನ ಮೇಲೆ ಮಾತ್ರ ಕೆಂಪು ಬಣ್ಣದಲ್ಲಿ ದೊಡ್ಡದಾಗಿ ಬರೆಸಿತ್ತು: "ಇಲ್ಲಿ ಗಾಡಿ ಹಚ್ಚಬಾರದು." ಗಿರಾಕಿಯ ಬೈಕಿಗೆ ಬಾರದು, ಯಜಮಾನರ ಕಾರಿಗೆ ಬಾರದ್ದೇನೂ ಇಲ್ಲ.

ನಮ್ಮ ಅಂಗಡಿಗಳ ಎದುರು, ರಸ್ತೆಯ ಆಚೆ ಬದಿಗೆ, ಟೆಂಪೋ ಸ್ಟ್ಯಾಂಡ್ ಇತ್ತು. ಅಲ್ಲಿ ಮೊದಲು ಬರುವವನೂ ಕೊನೆಗೆ ಹೋಗುವವನೂ ಒಬ್ಬನೇ. ಮುಸಲ್ಮಾನರವನು. ಮನೆಯಲ್ಲಿ ಉರ್ದು, ಪೇಟೆಯಲ್ಲಿ ನಮ್ಮದೇ ಕನ್ನಡ, ಬಾಯಿ ಸ್ವಲ್ಪ ಜೋರು. ಮದುವೆಯ ದಿನಗಳಲ್ಲಿ ಹಳ್ಳಿಯ ಮನೆತನವನ್ನೇ ಟೆಂಪೋದಲ್ಲಿ ತುಂಬಿಕೊಂಡು ಬಂದು ನಮ್ಮ ಮೆಟ್ಟಿಲ ಮುಂದೆ ಇಳಿಸುತ್ತಿದ್ದ. "ಅಕ್ಕಾರ, ಜವಳಿ ಮಂದಿ ತಂದೇನಿ. ಚಾ ಮಾಡ್ಸ್ರಿ, ಮುದುಕಿ ಕುಬಸದ ಖಣಕ್ಕ ಭಾಳ ಕಿರಿಕಿರಿ ಮಾಡ್ತಾಳ" ಎಂದು ಮುದುಕಿಗೂ ಕೇಳಿಸುವ ಹಾಗೆ ಹೇಳುತ್ತಿದ್ದ. ಮುದುಕಿ ಬೈಯುತ್ತ ನಗುತ್ತ ಒಳಗೆ ಬರುತ್ತಿದ್ದಳು. ಮದುವೆ ಮುಗಿದ ಮೇಲೆ ಬ್ಯಾಡಗಿಯ ಮೆಣಸಿನಕಾಯಿ ಚೀಲ ಹೇರುತ್ತಿದ್ದ. ಎಷ್ಟು ತೊಳೆದರೂ ಟೆಂಪೋದ ಹಲಗೆಯ ಸಂದಿಯಲ್ಲಿ ಖಾರ ಉಳಿದಿರುತ್ತಿತ್ತು. ಮದುಮಗಳು ಸೀನುತ್ತ ಇಳಿದಳೆಂದರೆ ಇವನ ಗಾಡಿಯಲ್ಲಿ ಬಂದಳೆಂದೇ ಲೆಕ್ಕ. ನನ್ನ ಗಂಡನನ್ನು ಕೊನೆಯ ಸಲ ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ದದ್ದೂ ಇವನೇ. ಇದನ್ನು ನಾನು ಉಪಕಾರ ನೆನೆಯಲೆಂದು ಬರೆಯುತ್ತಿಲ್ಲ. ಆ ದಿನ ಭಾವನ ಕಾರು ಅಂಗಡಿಯ ಮುಂದೆಯೇ ಇತ್ತು, ಅದಕ್ಕೆ ಬರೆಯುತ್ತಿದ್ದೇನೆ.

ಹೀಗಿರುವಾಗ ಪೇಟೆಗೆ ಒಂದು ವಾಹನ ನಿಲುಗಡೆ ನೀತಿ ಮಾಡಬೇಕೆಂದು ಪುರಸಭೆಗೆ ಒಬ್ಬ ಹೊಸ ಸಾಹೇಬರು ಬಂದರು. ಮೈಸೂರು ಕಡೆಯವರು, ವಯಸ್ಸು ಚಿಕ್ಕದು, ಮಾತು ಮೆದು. ಒಂದು ಸಮಿತಿ ಮಾಡಿದರು. ಸಮಿತಿಯಲ್ಲಿ ಒಬ್ಬ ಹೆಂಗಸು ಇರಲೇಬೇಕಂತೆ, ಭಾವ ನನ್ನ ಹೆಸರು ಕೊಟ್ಟರು. "ನೀ ಸುಮ್ಮನ ಕುಂತು ಬಾರವಾ, ಚಾ ಬಿಸ್ಕೀಟ್ ಕೊಡ್ತಾರ" ಎಂದರು.

ಮೊದಲ ಸಭೆಯಲ್ಲಿ ಸಾಹೇಬರು ಗೋಡೆಯ ಮೇಲೆ ನಕಾಶೆ ತೋರಿಸಿದರು. ಅವರನ್ನು ಈಗ ಎಷ್ಟು ಬೈದರೂ ಆ ನಕಾಶೆ ಚೆನ್ನಾಗಿತ್ತೆಂದು ಒಪ್ಪಬೇಕು. ಅಂಗಡಿಯವರ ಸ್ವಂತ ಗಾಡಿಗಳೆಲ್ಲ ಹಳೆಯ ಸಂತೆ ಮೈದಾನಕ್ಕೆ, ಅಂಗಡಿಯ ಮುಂದಿನ ಜಾಗ ಗಿರಾಕಿಗಳಿಗೆ, ಟೆಂಪೋ ಸ್ಟ್ಯಾಂಡ್ ಇದ್ದಲ್ಲೇ. "ಪೇಟೆಯಲ್ಲಿ ಜಾಗ ಹಿಡಿದಿರೋರು ಹೊರಗಿನವರಲ್ಲ, ನೀವೇ" ಎಂದು ನಗುತ್ತ ಹೇಳಿದರು. ಹಾಲ್‌ನಲ್ಲಿ ಯಾರೂ ನಗಲಿಲ್ಲ. ಸಂಘದವರ ಮುಖಗಳು ಹುಣಸೆಹಣ್ಣು ತಿಂದ ಹಾಗಾದವು. ನನಗೆ ಒಳಗೊಳಗೇ ಖುಷಿಯಾಯಿತು, ಬಿಸ್ಕೀಟು ಎರಡು ಹೆಚ್ಚೇ ತಿಂದೆ.

ಆಮೇಲೆ ನಡೆದದ್ದು ಯಾವ ಊರಿನಲ್ಲಿಯೂ ನಡೆಯುವಂಥದ್ದೇ. ಭಾವ ಒಬ್ಬೊಬ್ಬರನ್ನೇ ಕಂಡು ಬಂದರು. ಎರಡನೆಯ ಸಭೆಗೆ ಹೋದರೆ ನಕಾಶೆ ಬದಲಾಗಿತ್ತು. ಟೆಂಪೋ ಸ್ಟ್ಯಾಂಡ್ ಬೈಪಾಸಿನ ಆಚೆಗೆ ಹೋಗಿತ್ತು, ಸ್ಟ್ಯಾಂಡ್ ಇದ್ದ ಜಾಗಕ್ಕೆ "ವ್ಯಾಪಾರಸ್ಥರ ವಾಹನಗಳಿಗೆ" ಎಂದು ಬರೆದಿತ್ತು. ಬೈಪಾಸಿನಲ್ಲಿ ಟೆಂಪೋ ಇಟ್ಟುಕೊಂಡು ಕೂತರೆ ಜವಳಿ ಗಂಟು ಹೊತ್ತ ಮುದುಕಿ ಅಲ್ಲಿಯ ತನಕ ನಡೆದು ಹೋಗುತ್ತಾಳೆಯೇ? ಅದು ಜಾಗ ಬದಲಿಸಿದ್ದಲ್ಲ, ಹೊಟ್ಟೆಯ ಮೇಲೆ ಹೊಡೆದದ್ದು.

ಆ ಸಭೆಗೆ ಟೆಂಪೋದವರನ್ನೂ ಕರೆದಿದ್ದರು. ಎಲ್ಲರೂ ಹಿಂದೆ ಗೋಡೆಗೆ ಒರಗಿ ನಿಂತಿದ್ದರು. ಜವಳಿ ಮಂದಿ ತರುವ ಇವನೇ ಮುಂದೆ ಬಂದ.

"ಸಾಹೇಬ್ರ, ಇದು ನ್ಯಾಯ ಅಲ್ರಿ. ಹ್ವಾದ ಸಲ ಒಂದು ಹೇಳೀರಿ, ಈಗ ಒಂದು ಹೇಳಾಕತ್ತೀರಿ. ಬೈಪಾಸಿಗೆ ಹ್ವಾದ್ರ ನಮ್ಮ ಮಕ್ಕಳು ಏನ್ ತಿನಬೇಕ್ರಿ?"

"ಅದು ನೀತಿ ಅಪ್ಪಾ. ಸಮಿತಿ ತೀರ್ಮಾನ" ಎಂದರು ಸಾಹೇಬರು.

ಅವನಿಗೆ ಸಿಟ್ಟು ನೆತ್ತಿಗೇರಿತು. "ಹಂಗಾರ ಕೇಳ್ರಿ. ನಮ್ಮ ಸ್ಟ್ಯಾಂಡ್ ಕಿತ್ತಿದ್ರ ನಾಳಿಂದ ಎಲ್ಲಾ ಟೆಂಪೋದವ್ರೂ ಕೂಡಿ ನಿಮ್ಮ ಆಫೀಸ್ ಮುಂದ ಗಾಡಿ ಹಚ್ಚತೀವಿ!"

ಸಾಹೇಬರ ಮುಖದ ಬಣ್ಣ ಹೋಯಿತು. "ಏನಂದ್ರಿ? ಗಾಡಿ ಹಚ್ತೀರಾ?"

"ಹೂನ್ರಿ, ಹಚ್ಚತೀವಿ! ಸಾಲಾಗಿ ಹಚ್ಚತೀವಿ! ನಿಮ್ಮ ಜೀಪಿನ ಬಾಜೂಕನ ಹಚ್ಚತೀವಿ, ಯಾರ್ ಬರ್ತಾರ ಬರ್ಲಿ!"

ಹಿಂದಿದ್ದ ಟೆಂಪೋದವರು ಹೋ ಎಂದು ಚಪ್ಪಾಳೆ ಹೊಡೆದರು. ನನಗೂ ನಗು ಬಂತು. ಆಫೀಸಿನ ಮುಂದೆ ಟೆಂಪೋಗಳು ಸಾಲಾಗಿ ನಿಂತು, ಸಾಹೇಬರ ಜೀಪು ಹೊರಗೆ ಬರಲಾಗದೆ ಒದ್ದಾಡುವುದು ಕಣ್ಣ ಮುಂದೆ ಬಂತು. ಆದರೆ ಸಾಹೇಬರು ಎದ್ದು ನಿಂತಿದ್ದರು. "ನಾನು ಹಿಂದೆ ಇದ್ದ ಊರಲ್ಲಿ ಹೀಗೇ ಹೇಳಿ ಜೀಪಿಗೆ ಬೆಂಕಿ ಹಚ್ಚಿದ್ರು. ಡ್ರೈವರ್ ಒಳಗಿದ್ದ. ಇದನ್ನ ನಾನು ಸುಮ್ನೆ ಬಿಡಲ್ಲ" ಎಂದರು.

ಆಗ ನನಗೆ ಹೊಳೆಯಿತು. ಅಯ್ಯೋ ಶಿವನೇ, ಇವರಿಗೆ ಹಚ್ಚುವುದು ಎಂದರೆ ಬೆಂಕಿಯೊಂದೇ!

ಭಾವ ಮುಂದಿನ ಸಾಲಿನಲ್ಲಿದ್ದಾರೆಂಬುದನ್ನೂ ಮರೆತು ಎದ್ದೆ. "ಸಾಹೇಬ್ರ, ತಪ್ಪು ತಿಳಕೊಂಡ್ರಿ. ನಮ್ಮ ಕಡೆ ಗಾಡಿ ಹಚ್ಚೋದಂದ್ರ ನಿಲ್ಲಿಸೋದ್ರಿ. ಬೆಂಕಿ ಅಲ್ಲ, ಪಾರ್ಕಿಂಗು. ನೀವು ಮಾಡಾಕತ್ತೀರಲ್ಲ, ಅದ!"

ಸಾಹೇಬರು ನನ್ನನ್ನು ನೋಡಿದರು. ಅನುಮಾನ ಇನ್ನೂ ಹೋಗಿರಲಿಲ್ಲ, ಆದರೆ ಕೇಳುವ ಮನಸ್ಸಿತ್ತು. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರು ಭಾವನ ಕಡೆ ತಿರುಗಿದರು. "ಹೌದಾ ಅಧ್ಯಕ್ಷರೇ? ನೀವು ಹೇಳಿ. ಹಾಗೂ ಅರ್ಥ ಇದೆಯಾ?"

ಕಿರಾಣಿಯವರು, ಬಂಗಾರದವರು, ಪಾತ್ರೆಯವರು, ದಿನ ಬೆಳಗಾದರೆ "ಏ, ಇಲ್ಲಿ ಗಾಡಿ ಹಚ್ಚಬ್ಯಾಡೋ" ಎಂದು ಗಂಟಲು ಹರಿದುಕೊಳ್ಳುವವರು ಅಷ್ಟೂ ಮಂದಿ ಅಲ್ಲಿದ್ದರು. ಒಂದು ಮಾತು ಸಾಕಿತ್ತು. ಭಾವ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

"ಏನ್ ಹೇಳೂದ್ರಿ ಸಾಹೇಬ್ರ" ಎಂದರು. "ಎರಡೂ ಅರ್ಥ ಆಗತೈತಿ. ಮನಸಿನ್ಯಾಗ ಏನ್ ಇಟ್ಕೊಂಡ್ ಅಂದಾರೋ, ಅದನ್ನ ಅವರ ಹೇಳಬೇಕು."

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಎಂಬ ಗಾದೆಯನ್ನು ಸಾವಿರ ಸಲ ಕೇಳಿದ್ದೆ, ಆ ದೀಪ ಇಡುವುದನ್ನು ಅವತ್ತು ನೋಡಿದೆ. ಸುಳ್ಳು ಹೇಳಲಿಲ್ಲ ನಮ್ಮ ಭಾವ. ಸುಳ್ಳು ಹೇಳಿದ್ದರೆ ನಾನು ಬಾಯಿ ಮಾಡಬಹುದಿತ್ತು. ಎರಡೂ ಅರ್ಥ ಆಗುವುದು ನಿಜವೇ. ಆದರೆ ಟೆಂಪೋ ಇಟ್ಟುಕೊಂಡು ಹೊಟ್ಟೆ ಹೊರೆಯುವವನು ತನ್ನ ಟೆಂಪೋ ಸುಟ್ಟುಕೊಳ್ಳುತ್ತೇನೆಂದು ಹೇಳುತ್ತಾನೆಯೇ? ಇಷ್ಟು ಕೇಳುವ ಬುದ್ಧಿ ಆ ಹಾಲ್‌ನಲ್ಲಿ ಯಾರಿಗೂ ಇರಲಿಲ್ಲವೇ? ಇತ್ತು. ಎಲ್ಲರಿಗೂ ಇತ್ತು. ಸ್ಟ್ಯಾಂಡಿನ ಜಾಗವೂ ಬೇಕಿತ್ತು. ನಾನು ಮತ್ತೆ ಬಾಯಿ ತೆರೆದಾಗ ಹಿಂದಿನಿಂದ ಯಾರೋ "ಕುಂದ್ರವಾ, ದೊಡ್ಡಾವ್ರು ಮಾತಾಡಾಕತ್ತಾರ" ಎಂದರು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಕಾಲ ಇದು. ಸಂಜೆಯೊಳಗೆ ಠಾಣೆಗೆ ದೂರು ಹೋಯಿತು. ಸರ್ಕಾರಿ ಕೆಲಸಕ್ಕೆ ಅಡ್ಡಿ, ಬೆಂಕಿ ಇಡುವ ಬೆದರಿಕೆ. ಜೊತೆಗೆ ಊರಿನಲ್ಲಿ ಮಾತು ಬೆಳೆಯಿತು. ಫೋನಿನಿಂದ ಫೋನಿಗೆ ಹಾರಿ, ಪೇಟೆಗೇ ಬೆಂಕಿ ಇಡುತ್ತಾರಂತೆ, ಇವರದು ಯಾವಾಗಲೂ ಇದೇ ಕಥೆ, ಎಂಬಲ್ಲಿಗೆ ಬಂತು. "ಇವರದು" ಎಂದರೆ ಯಾರದು ಎಂದು ಬಿಡಿಸಿ ಹೇಳಬೇಕಿಲ್ಲ. ಅದೇ ಮಾತನ್ನು ನನ್ನ ಭಾವನ ಮಗ ಅಂದಿದ್ದರೆ ಪಾರ್ಕಿಂಗ್ ಆಗುತ್ತಿತ್ತು. ಟೆಂಪೋದವನು ಅಂದದ್ದಕ್ಕೆ ಬೆಂಕಿಯಾಯಿತು.

ಟೆಂಪೋ ಸಮೇತ ಠಾಣೆಗೆ ಬರಬೇಕೆಂದು ಅವನಿಗೆ ಹೇಳಿ ಕಳಿಸಿದ್ದರು. ನಾನೂ ಠಾಣೆಗೆ ಹೋದೆ. ಅವನು ಗಾಡಿ ತಂದು ಗೇಟಿನಲ್ಲಿ ನಿಂತಿದ್ದ, ಮುಖ ಬಿಳಿಚಿಕೊಂಡಿತ್ತು. ಬಾಗಿಲಲ್ಲಿದ್ದ ಪೊಲೀಸಪ್ಪ ನಮ್ಮ ಸೀಮೆಯವನೇ. ಕೈ ಬೀಸಿ ಕೂಗಿದ: "ಏ, ದಾರಿಗೆ ಅಡ್ಡ ನಿಂದರಬ್ಯಾಡ. ಗಾಡಿ ಆ ಬೇವಿನ ಗಿಡದ ಬುಡಕ್ಕ ಹಚ್ಚು!"

ಅವನು ಹಚ್ಚಿದ. ನಾನು ಪೊಲೀಸಪ್ಪನ ಮುಖವನ್ನೇ ನೋಡಿದೆ. ತಾನು ಏನು ಹೇಳಿದೆನೆಂದು ಅವನಿಗೆ ಅರಿವೇ ಇರಲಿಲ್ಲ. ನಗಬೇಕೋ ಅಳಬೇಕೋ ತಿಳಿಯದೆ ಒಳಗೆ ಹೋದೆ.

ಠಾಣೆಯ ಮುಖ್ಯಸ್ಥ ಫೌಜದಾರರು ಕೆಟ್ಟವರಲ್ಲ. "ನೀವು ಹೇಳೂದು ನನಗ ತಿಳೀತೈತ್ರಿ ಅಕ್ಕಾರ, ನಾನೂ ಇಲ್ಲಿಯವನ" ಎಂದರು. "ಆದ್ರ ದೂರು ಬಂದೈತಿ. ನಿಮ್ಮೊಬ್ಬರ ಮಾತಿನ ಮ್ಯಾಲೆ ನಾ ಏನ್ ಮಾಡ್ಲಿ? ಸಭಾದಾಗ ಇದ್ದ ನಾಕು ಮಂದಿ ದೊಡ್ಡಾವ್ರು, ಸಂಘದ ಅಧ್ಯಕ್ಷರು, ಅವನು ನಿಲ್ಲಿಸೂದಕ್ಕ ಅಂದಾನ ಅಂತ ಬಂದು ಹೇಳ್ಲಿ. ಸಾಹೇಬ್ರೂ ಕೇಳ್ತಾರ."

ಅಲ್ಲಿಂದ ನೆಟ್ಟಗೆ ಭಾವನ ಮನೆಗೆ ಹೋದೆ. ಅವರು ಜೋಕಾಲಿಯ ಮೇಲೆ ಕುಳಿತಿದ್ದರು. ಸೆರಗು ಹೊದ್ದುಕೊಂಡೇ ನಿಂತೆ, ಕೈಮುಗಿದೆ. ಇಷ್ಟು ವರ್ಷದಲ್ಲಿ ಏನನ್ನೂ ಕೇಳಿರಲಿಲ್ಲ, ಇದೊಂದು ಕೇಳಿದೆ.

"ಭಾವಾರ, ಒಂದ ಮಾತು ಹೇಳಿ ಬರ್ರಿ. ನಿಮ್ಮ ಶಟರ್ ಮ್ಯಾಲೆನ ಬರದೈತಿ, ಗಾಡಿ ಹಚ್ಚಬಾರದು ಅಂತ. ಅದಕ್ಕೂ ಎರಡು ಅರ್ಥ ಏನ್ರಿ?"

ಅವರು ಜೋಕಾಲಿಯನ್ನು ಕಾಲಿನಿಂದ ನಿಲ್ಲಿಸಿದರು. "ನೋಡವಾ, ಊರ ಉಸಾಬರಿ ನಮಗ್ಯಾಕ? ನಾ ಹೋಗಿ ಅಂವನ ಪರ ಹೇಳಿದ್ರ ನಾಳೆ ನಮ್ಮವ್ರ ನನ್ನ ಮ್ಯಾಲೆ ಬೀಳ್ತಾರ. ಕೋರ್ಟ್ ಐತಿ, ಕಾನೂನ್ ಐತಿ, ಅವು ನೋಡ್ಕೋತಾವ. ನೀನೂ ಸುಮ್ಮನಿರು. ಗಂಡಿಲ್ಲದ ಮನಿ ನಿಂದು."

ಆ ಕೊನೆಯ ಮಾತು ನನ್ನ ಎದೆಯಲ್ಲಿ ಇವತ್ತಿಗೂ ಮುಳ್ಳಿನ ಹಾಗೆ ಕೂತಿದೆ. ಅಲ್ಲಿಂದ ಬಂದುಬಿಟ್ಟೆ. ಮರುದಿನ ಬೆಳಿಗ್ಗೆ ಶಟರಿನ ಫೋಟೋ ಹೊಡೆದು ಫೌಜದಾರರಿಗೆ ತೋರಿಸೋಣವೆಂದು ಬೇಗನೆ ಅಂಗಡಿಗೆ ಹೋದರೆ, ಪೇಂಟರ್ ಒಬ್ಬ ನಿಚ್ಚಣಿಕೆ ಹಾಕಿಕೊಂಡು ಶಟರಿಗೆ ನೀಲಿ ಬಣ್ಣ ಬಳಿಯುತ್ತಿದ್ದ. ಕೆಂಪು ಅಕ್ಷರಗಳಲ್ಲಿ "ಬಾರದು" ಒಂದೇ ಉಳಿದಿತ್ತು. ನೋಡುತ್ತ ನಿಂತ ಹಾಗೆ ಅದೂ ಹೋಯಿತು. ಅದರ ಮೇಲೆ ಈಗ "ನೋ ಪಾರ್ಕಿಂಗ್" ಎಂದಿದೆ. ಅದಕ್ಕೆ ಒಂದೇ ಅರ್ಥ.

ನಾನು ಫೌಜದಾರರಲ್ಲಿ ನನ್ನ ಹೇಳಿಕೆ ಕೊಟ್ಟೆ, ಸಾಹೇಬರನ್ನೂ ಕಂಡೆ. ಸಾಹೇಬರು "ಇರಬಹುದು ಮೇಡಂ. ಆದ್ರೆ ನಿಮ್ಮ ಅಧ್ಯಕ್ಷರೇ ಗ್ಯಾರಂಟಿ ಕೊಡಲಿಲ್ಲವಲ್ಲ. ಈಗ ದೂರು ಹಿಂದೆ ತಗೊಂಡ್ರೆ ನಾನು ಹೆದರಿದೆ ಅಂತಾರೆ" ಎಂದರು. ಹೊರಗಿನಿಂದ ಬಂದವರು, ನಮ್ಮ ಮಾತು ತಿಳಿಯಲಿಲ್ಲ, ಹೆದರಿದರು. ಅವರ ಮೇಲೆ ನನಗೆ ಅರ್ಧ ಸಿಟ್ಟು. ಉಳಿದ ಸಿಟ್ಟೆಲ್ಲ ತಿಳಿದವರ ಮೇಲೆ.

ಒಳಗೆ ಹಾಕಿದ್ದ ಅವನಿಗೆ ಜಾಮೀನು ಸಿಕ್ಕಿತು, ಮನೆಗೆ ಬಂದ. ಜಪ್ತಾದ ಟೆಂಪೋ ಬರಲಿಲ್ಲ. ಮದುವೆಯ ಸುಗ್ಗಿ ಪೂರ್ತಿ ಅದು ಆ ಬೇವಿನ ಗಿಡದ ಬುಡದಲ್ಲೇ ಇತ್ತು. ಮೇಲೆ ಎಲೆ ಬಿತ್ತು, ಹಕ್ಕಿಗಳು ಹೇತವು, ಒಂದು ಗಾಲಿಯ ಗಾಳಿ ಹೋಯಿತು. ಇತ್ತ ಪೇಟೆಯಲ್ಲಿ ನೀತಿ ಜಾರಿಗೆ ಬಂತು. ರಸ್ತೆಗೆ ಬಿಳಿ ಗೆರೆ ಎಳೆದರು. ಸ್ಟ್ಯಾಂಡ್ ಇದ್ದ ಜಾಗದಲ್ಲಿ ಮೊದಲ ದಿನವೇ ಭಾವನ ಕಾರು ನಿಂತಿತು, ಹಾರ ಹಾಕಿ ತೆಂಗಿನಕಾಯಿ ಒಡೆದರು. ಗಿರಾಕಿಗಳು ಹಿಂದಿನ ಹಾಗೆಯೇ ಮೂರು ಸುತ್ತು ಹೊಡೆದು ಬೇರೆ ಊರಿಗೆ ಹೋಗುತ್ತಾರೆ. ಜವಳಿಗೆ ಬರುವ ಮುದುಕಿಯರು ನನ್ನಲ್ಲಿ ಕೇಳುತ್ತಿದ್ದರು: "ಎಲ್ಲಿ ಹೋದನವಾ ನಮ್ಮ ಟೆಂಪೋದಾಂವ? ಏನೋ ಬೆಂಕಿ ಹಚ್ಚಿದ್ನಂತ, ಖರೇ ಏನು?" ಹಚ್ಚುತ್ತೇನೆ ಅಂದದ್ದು ಹಚ್ಚಿದ ಆಗಿತ್ತು. ಎಷ್ಟು ಮಂದಿಗೆಂದು ಹೇಳಲಿ? ಹೇಳಿದೆ, ಗಂಟಲು ನೋಯುವ ತನಕ ಹೇಳಿದೆ.

ಟೆಂಪೋ ಕೈಗೆ ಬಂದಮೇಲೆ ಅವನು ನಮ್ಮ ಪೇಟೆಗೆ ಕಾಲಿಡಲಿಲ್ಲ. ಬ್ಯಾಡಗಿಯಲ್ಲಿ ಕೋಲ್ಡ್ ಸ್ಟೋರೇಜಿಗೆ ಮೆಣಸಿನಕಾಯಿ ಚೀಲ ಸಾಗಿಸುತ್ತಾನೆ ಎಂದು ಕೇಳಿದ್ದೆ. ಕೇಸು ನಡೆದೇ ಇದೆ. ಹೋದ ರಂಜಾನ್ ಹಬ್ಬದ ದಿನ ಮಧ್ಯಾಹ್ನ ಮನೆಯ ಮುಂದೆ ಟೆಂಪೋದ ಸದ್ದಾಯಿತು. ನೋಡಿದರೆ ಇವನೇ, ಕೈಯಲ್ಲಿ ಹಬ್ಬದ ಶ್ಯಾವಿಗೆ ಪಾಯಸ ಸುರಕುಂಬಾದ ಡಬ್ಬಿ. ಪ್ರತಿ ವರ್ಷ ತರುತ್ತಿದ್ದ, ಈ ವರ್ಷ ಬರುವನೆಂದು ನಾನು ಅಂದುಕೊಂಡಿರಲಿಲ್ಲ. ಸಣ್ಣಗಾಗಿದ್ದ, ಗಡ್ಡ ಬೆಳ್ಳಗಾಗಿತ್ತು.

"ಬಾರೋ ತಮ್ಮಾ! ಬಿಸಲಾಗ ಯಾಕ ಬಿಟ್ಟಿ, ಗಾಡಿ ನೆರಳಿಗೆ ಹಚ್ಚಿ ಒಳಗ ಬಾ" ಎಂದೆ.

ಅವನು ಗಕ್ಕನೆ ನಿಂತ. ರಸ್ತೆಯ ಆ ಕಡೆ ನೋಡಿದ, ಈ ಕಡೆ ನೋಡಿದ. ಆಮೇಲೆ ಸಣ್ಣ ದನಿಯಲ್ಲಿ, "ನಿಲ್ಲಸ್ತೇನ್ರಿ ಅಕ್ಕಾರ" ಎಂದ.

"ಏನಂದಿ?"

"ನೆರಳಿಗೇ ನಿಲ್ಲಸ್ತೇನಿ ಅಂದ್ನ್ರಿ."

ಟೆಂಪೋವನ್ನು ಗೇಟಿನ ಬಳಿಯ ನೆರಳಿಗೆ ತಂದು, ಒಳಗೆ ಬಂದು ಕುಳಿತ. ನಾನು ಬಟ್ಟಲಿಗೆ ಸುರಕುಂಬಾ ಹಾಕಿ ಅವನಿಗೂ ಕೊಟ್ಟು ನಾನೂ ತೆಗೆದುಕೊಂಡೆ. ಹೆಂಡತಿ ಹೇಗಿದ್ದಾಳೆ ಎಂದು ಕೇಳಿದೆ. ನಗಲು ನೋಡಿದ. "ನನ್ನ ನೋಡಿ ನಗತಾಳ್ರಿ. ಮನ್ಯಾಗೂ ಆ ಮಾತು ಬಿಟ್ಟೇನಿ. ಒಲಿ ಹಚ್ಚು ಅನ್ನೂದಿಲ್ಲ, ಗ್ಯಾಸ್ ಚಾಲೂ ಮಾಡು ಅಂತೀನಿ. ನಾಲಿಗಿ ತಪ್ಪಿ ಹೊರಗ ಎಲ್ಲೆರೆ ಬಂದೀತು ಅಂತ ಅಂಜಿಕಿ ಅಕ್ಕಾರ."

ನನಗೆ ಚಮಚ ಬಾಯಿಗೆ ಹೋಗಲಿಲ್ಲ. ಹೆತ್ತ ತಾಯಿಯ ಹತ್ತಿರ, ಓಣಿಯ ಹುಡುಗರ ಹತ್ತಿರ ಕಲಿತ ಮಾತನ್ನು ಮನುಷ್ಯ ತನ್ನ ಅಡುಗೆಮನೆಯಲ್ಲಿ ಆಡಲು ಅಂಜಬೇಕೇ? ಸ್ಟ್ಯಾಂಡ್ ಹೋದದ್ದಕ್ಕೆ ಇನ್ನೊಂದು ಜಾಗ ಹುಡುಕಿಕೊಂಡಾನು. ಇದನ್ನು ಎಲ್ಲಿಂದ ತಂದುಕೊಡಲಿ?

ಅಷ್ಟರಲ್ಲಿ ಹೊರಗೆ ಕಾರಿನ ಹಾರ್ನ್ ಕೇಳಿಸಿತು. ಗೇಟಿನ ಕಡೆಯಿಂದ ಭಾವನ ದನಿ, ಎಂದಿನ ಗತ್ತಿನ ದನಿ, ಓಣಿಗೆಲ್ಲ ಕೇಳುವ ಹಾಗೆ ಬಂತು.

"ಯಾರದಪಾ ಇದು ಟೆಂಪೋ? ಲಗೂ ತಗೀರಿ, ನಾ ಗಾಡಿ ಹಚ್ಚಬೇಕು!"

ನಾನು ಬಟ್ಟಲು ಕೆಳಗಿಟ್ಟು ಎದ್ದೆ. ತಲೆಯ ಮೇಲಿನ ಸೆರಗು ಜಾರಿತು, ಎತ್ತಿಕೊಳ್ಳಲಿಲ್ಲ. ಬಾಗಿಲಿಗೆ ಬಂದು ನಿಂತು, ಅವರಿಗಿಂತ ಜೋರಾಗಿ ಕೂಗಿದೆ.

"ಯಾವ ಅರ್ಥದಾಗ ಹಚ್ಚತೀರಿ ಭಾವಾರ?"

ಎದುರುಮನೆಯ ಕಿಟಕಿ ತೆರೆಯಿತು. ಭಾವ ಕಾರಿನ ಗಾಜು ಅರ್ಧ ಇಳಿಸಿದವರು ಹಾಗೆಯೇ ನನ್ನನ್ನು ನೋಡುತ್ತಿದ್ದರು. ನಾನು ಇನ್ನೊಂದು ಸಲ ಕೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವನು ನನ್ನ ಪಕ್ಕದಿಂದ, ಚಪ್ಪಲಿಯನ್ನೂ ಮೆಟ್ಟದೆ ಓಡಿದ. "ತಗೀತೇನ್ರಿ ಯಜಮಾನ್ರ, ತಗೀತೇನ್ರಿ, ತಪ್ಪಾತ್ರಿ" ಎನ್ನುತ್ತ ಟೆಂಪೋ ಹತ್ತಿ, ಅದನ್ನು ನೆರಳಿನಿಂದ ಬಿಸಿಲಿಗೆ ತೆಗೆದ.